ಮೆಸುಟ್ ಓಜಿಲ್ ಅವರ ಆಟದ ಶೈಲಿ ಮತ್ತು ಅದರ ಕುರಿತ ಚರ್ಚೆ

ಮೆಸುಟ್ ಓಜಿಲ್ (ಜನನ: 15 ಅಕ್ಟೋಬರ್ 1988, ಗೆಲ್ಸೆನ್‌ಕಿರ್ಷೆನ್, ಪಶ್ಚಿಮ ಜರ್ಮನಿ) ಜರ್ಮನಿಯ ಮಾಜಿ ವೃತ್ತಿಪರ ಫುಟ್‌ಬಾಲ್ ಆಟಗಾರರು. ಆಕ್ರಮಣಕಾರಿ ಮಿಡ್‌ಫೀಲ್ಡರ್ ಆಗಿದ್ದ ಅವರು ಶಾಲ್ಕೆ 04, ವೆರ್ಡರ್ ಬ್ರೆಮೆನ್, ರಿಯಲ್ ಮ್ಯಾಡ್ರಿಡ್, ಆರ್ಸೆನಲ್, ಫೆನರ್‌ಬಾಹ್ಚೆ ಮತ್ತು ಇಸ್ತಾಂಬುಲ್ ಬಶಾಕ್‌ಶೆಹಿರ್ ಕ್ಲಬ್‌ಗಳ ಪರವಾಗಿ ಆಡಿದರು. ಜರ್ಮನಿಯ ರಾಷ್ಟ್ರೀಯ ತಂಡದ ಪರವಾಗಿ 92 ಪಂದ್ಯಗಳಲ್ಲಿ 23 ಗೋಲು ಗಳಿಸಿದ ಅವರು 2014ರ ವಿಶ್ವಕಪ್ ಗೆದ್ದ ತಂಡದ ಸದಸ್ಯರಾಗಿದ್ದರು. 2023ರ ಮಾರ್ಚ್ 22ರಂದು ಆಟದಿಂದ ನಿವೃತ್ತರಾದರು.

ತಮ್ಮ ಪೀಳಿಗೆಯ ಮಿಡ್‌ಫೀಲ್ಡರ್‌ಗಳಲ್ಲಿ ಓಜಿಲ್ ಅವರಷ್ಟು ಪರ-ವಿರೋಧ ಚರ್ಚೆಗೆ ಒಳಗಾದವರು ವಿರಳ. ಚೆಂಡನ್ನು ಸಹ ಆಟಗಾರನಿಗೆ ತಲುಪಿಸುವ ಅವರ ಕೌಶಲವನ್ನು ವಿರೋಧಿಗಳೂ ಅಲ್ಲಗಳೆದಿಲ್ಲ. ಎದುರಾಳಿಯಿಂದ ಚೆಂಡನ್ನು ಕಸಿಯುವುದರಲ್ಲಿ ಅವರು ದುರ್ಬಲರು ಎಂಬುದನ್ನು ಬೆಂಬಲಿಗರೂ ನಿರಾಕರಿಸಿಲ್ಲ. ಆದ್ದರಿಂದ ಈ ಚರ್ಚೆ ಮುಖ್ಯವಾಗಿ ಮಿಡ್‌ಫೀಲ್ಡರ್ ಒಬ್ಬನ ಕೆಲಸ ಯಾವುದು, ಅದನ್ನು ಹೇಗೆ ಅಳೆಯಬೇಕು ಎಂಬ ಪ್ರಶ್ನೆಗಳ ಸುತ್ತ ಬೆಳೆಯಿತು. ಜರ್ಮನಿಯಲ್ಲಿ ಇದೇ ಚರ್ಚೆ 2018ರಲ್ಲಿ ವಲಸೆ, ಪೌರತ್ವ ಮತ್ತು ಜನಾಂಗೀಯ ತಾರತಮ್ಯದ ಪ್ರಶ್ನೆಗಳೊಂದಿಗೆ ಬೆರೆತು ಸಾರ್ವಜನಿಕ ವಿವಾದವಾಯಿತು.

ಹಿನ್ನೆಲೆ: ಹತ್ತನೇ ಸಂಖ್ಯೆಯ ಪಾತ್ರ

ಫುಟ್‌ಬಾಲ್‌ನಲ್ಲಿ ರಕ್ಷಣಾ ಸಾಲು ಮತ್ತು ಮುಂಚೂಣಿಯ ನಡುವೆ ಆಡುವವರನ್ನು ಮಿಡ್‌ಫೀಲ್ಡರ್‌ಗಳೆಂದು ಕರೆಯುತ್ತಾರೆ. ಇವರಲ್ಲಿ ಕೆಲವರು ಎದುರಾಳಿಯ ಆಕ್ರಮಣವನ್ನು ತಡೆಯುವ ಹೊಣೆ ಹೊತ್ತರೆ, ಕೆಲವರು ಎರಡೂ ತುದಿಗಳ ನಡುವೆ ಓಡಾಡುತ್ತಾರೆ. ಸ್ಟ್ರೈಕರ್‌ನ ಹಿಂದೆಯೇ ನಿಂತು ಗೋಲಿನ ಅವಕಾಶಗಳನ್ನು ರೂಪಿಸುವವನನ್ನು ಆಕ್ರಮಣಕಾರಿ ಮಿಡ್‌ಫೀಲ್ಡರ್ ಎನ್ನಲಾಗುತ್ತದೆ. ಈ ಸ್ಥಾನದವರು ಸಾಂಪ್ರದಾಯಿಕವಾಗಿ 10ನೇ ಸಂಖ್ಯೆಯ ಅಂಗಿ ತೊಡುತ್ತಿದ್ದುದರಿಂದ ಆ ಪಾತ್ರಕ್ಕೇ 'ಹತ್ತನೇ ಸಂಖ್ಯೆ' ಎಂಬ ಹೆಸರು ಬಂದಿದೆ.

ಹಳೆಯ ಮಾದರಿಯ ಹತ್ತನೇ ಸಂಖ್ಯೆಯ ಆಟಗಾರನಿಗೆ ರಕ್ಷಣೆಯ ಹೊಣೆಯಿಂದ ಸ್ವಲ್ಪಮಟ್ಟಿನ ವಿನಾಯಿತಿ ಇರುತ್ತಿತ್ತು. ಉಳಿದವರು ಚೆಂಡನ್ನು ಗೆದ್ದುಕೊಡುತ್ತಿದ್ದರು. ಅದನ್ನು ಎಲ್ಲಿಗೆ ಕಳುಹಿಸಬೇಕೆಂದು ಅವನು ತೀರ್ಮಾನಿಸುತ್ತಿದ್ದನು. 2010ರ ದಶಕದಲ್ಲಿ ಈ ಏರ್ಪಾಡು ಕ್ರಮೇಣ ಬದಲಾಯಿತು. ಚೆಂಡು ಕಳೆದುಕೊಂಡ ಕ್ಷಣದಲ್ಲೇ ಇಡೀ ತಂಡ ಮುಂದೆ ನುಗ್ಗಿ ಎದುರಾಳಿಯ ಮೇಲೆ ಒತ್ತಡ ಹೇರುವ 'ಪ್ರೆಸ್ಸಿಂಗ್' ಪದ್ಧತಿ ಯುರೋಪಿನ ಪ್ರಮುಖ ತಂಡಗಳಲ್ಲಿ ವ್ಯಾಪಕವಾಯಿತು. ಈ ಪದ್ಧತಿಯಲ್ಲಿ ಮುಂಚೂಣಿಯ ಆಟಗಾರನೇ ಮೊದಲ ರಕ್ಷಕನಾಗುತ್ತಾನೆ. ಅವರಲ್ಲಿ ಒಬ್ಬನು ಹಿಂದುಳಿದರೂ ಉಳಿದವರ ಓಟ ವ್ಯರ್ಥವಾಗುತ್ತದೆ. ಓಜಿಲ್ ಅವರ ವೃತ್ತಿಜೀವನದ ಬಹುಭಾಗ ಈ ಸ್ಥಿತ್ಯಂತರದ ಕಾಲದಲ್ಲೇ ಕಳೆದುದರಿಂದ ಅವರ ಕುರಿತ ಚರ್ಚೆ ಒಂದು ಪಾತ್ರದ ಅಳಿವು-ಉಳಿವಿನ ಚರ್ಚೆಯೂ ಆಗಿತ್ತು.

ಆರಂಭಿಕ ಜೀವನ

ಓಜಿಲ್ ಅವರು ಟರ್ಕಿ ಮೂಲದ ಕುಟುಂಬದ ಮೂರನೇ ಪೀಳಿಗೆಗೆ ಸೇರಿದವರು. ಅವರ ಅಜ್ಜ ಕೆಲಸ ಅರಸಿ ಟರ್ಕಿಯಿಂದ ಪಶ್ಚಿಮ ಜರ್ಮನಿಗೆ ಬಂದಿದ್ದರು. ಕಲ್ಲಿದ್ದಲು ಗಣಿಗಳಿಗೆ ಹೆಸರಾದ ರೂರ್ ಪ್ರದೇಶದ ಗೆಲ್ಸೆನ್‌ಕಿರ್ಷೆನ್ ನಗರದಲ್ಲಿ, ಸುತ್ತಲೂ ಬೇಲಿ ಹಾಕಿದ ಒಂದು ಚಿಕ್ಕ ಅಂಗಳದಲ್ಲಿ ಅವರು ಬಾಲ್ಯದಲ್ಲಿ ಚೆಂಡಾಡುತ್ತಿದ್ದರು. ಚೆಂಡನ್ನು ಕಾಲಿಗೆ ಹತ್ತಿರವಿಟ್ಟುಕೊಂಡು ಕಿರಿದಾದ ಜಾಗದಲ್ಲಿ ತಿರುಗುವ ಅವರ ಅಭ್ಯಾಸಕ್ಕೆ ಈ ಅಂಗಳವೇ ಮೂಲವೆಂದು ಹಲವರು ಗುರುತಿಸುತ್ತಾರೆ.

ಸ್ಥಳೀಯ ಬಾಲಕರ ತಂಡಗಳಲ್ಲಿ ಆಡಿದ ಬಳಿಕ 2000ದಲ್ಲಿ ರೋಟ್-ವೈಸ್ ಎಸ್ಸೆನ್, 2005ರಲ್ಲಿ ಶಾಲ್ಕೆ 04 ಕ್ಲಬ್‌ಗಳ ಯುವ ತಂಡಗಳನ್ನು ಸೇರಿದರು. 2008ರ ಜನವರಿಯಲ್ಲಿ ವೆರ್ಡರ್ ಬ್ರೆಮೆನ್‌ಗೆ ಹೋದರು. ಅಲ್ಲಿ ಆಕ್ರಮಣದ ಸೂತ್ರ ಬ್ರೆಜಿಲ್‌ನ ಡಿಯೆಗೊ ಅವರ ಕೈಯಲ್ಲಿತ್ತು. 2009ರ ಜರ್ಮನ್ ಕಪ್ ಫೈನಲ್‌ನಲ್ಲಿ ಬೇಯರ್ ಲೆವರ್‌ಕುಸೆನ್ ವಿರುದ್ಧ ಪಂದ್ಯದ ಏಕೈಕ ಗೋಲನ್ನು ಓಜಿಲ್ ಗಳಿಸಿದರು. ಆ ವರ್ಷವೇ ಡಿಯೆಗೊ ಯುವೆಂಟಸ್‌ಗೆ ತೆರಳಿದಾಗ ತಂಡದ ಆಟ ಕಟ್ಟುವ ಹೊಣೆ 20 ವರ್ಷದ ಓಜಿಲ್ ಅವರ ಹೆಗಲಿಗೇರಿತು. 2009ರ 21 ವರ್ಷದೊಳಗಿನವರ ಯುರೋಪಿಯನ್ ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ ಜರ್ಮನಿ ಇಂಗ್ಲೆಂಡನ್ನು 4–0ರಿಂದ ಸೋಲಿಸಿದಾಗ ಅವರು ಪಂದ್ಯದ ಶ್ರೇಷ್ಠ ಆಟಗಾರರಾದರು. 2010ರ ದಕ್ಷಿಣ ಆಫ್ರಿಕಾ ವಿಶ್ವಕಪ್‌ನಲ್ಲಿ ಘಾನಾ ವಿರುದ್ಧ ಗೆಲುವಿನ ಗೋಲು ಗಳಿಸಿ ಜಗತ್ತಿನ ಗಮನ ಸೆಳೆದರು. ಜರ್ಮನಿ ಮೂರನೇ ಸ್ಥಾನ ಪಡೆದ ಆ ಟೂರ್ನಿಯ ಬಳಿಕ ರಿಯಲ್ ಮ್ಯಾಡ್ರಿಡ್ ಅವರನ್ನು ಖರೀದಿಸಿತು.

ಸಾಮರ್ಥ್ಯಗಳು

ಓಜಿಲ್ ಅವರ ಆಟದ ಪ್ರಧಾನ ಗುಣವೆಂದು ಸಾಮಾನ್ಯವಾಗಿ ಹೇಳಲಾಗುವುದು ಅವರ ಮೈದಾನದ ಅರಿವು. ಚೆಂಡು ತಮ್ಮ ಬಳಿ ಬರುವ ಮುನ್ನವೇ ಅವರು ಸುತ್ತಲಿನ ಆಟಗಾರರ ಸ್ಥಾನಗಳನ್ನು ಗಮನಿಸಿರುತ್ತಿದ್ದರು. ಆದ್ದರಿಂದ ಚೆಂಡನ್ನು ನಿಲ್ಲಿಸಿ, ನೋಡಿ, ಯೋಚಿಸಿ ಆಡುವ ಬದಲು ಒಂದೇ ಸ್ಪರ್ಶದಲ್ಲಿ ಮುಂದಕ್ಕೆ ಕಳುಹಿಸಲು ಅವರಿಗೆ ಸಾಧ್ಯವಾಗುತ್ತಿತ್ತು. ಎದುರಾಳಿಯ ಮಧ್ಯಸಾಲು ಮತ್ತು ರಕ್ಷಣಾ ಸಾಲಿನ ನಡುವಿನ ಖಾಲಿ ಜಾಗವನ್ನು ಹುಡುಕಿ ಅಲ್ಲಿಗೆ ಸರಿದು ನಿಲ್ಲುವುದು ಅವರ ಆಟದ ಇನ್ನೊಂದು ಲಕ್ಷಣ. ಚೆಂಡಿಲ್ಲದೆ ನಡೆಯುವ ಈ ಚಲನೆ ದೂರದರ್ಶನದ ಚೌಕಟ್ಟಿನೊಳಗೆ ಹಲವು ಬಾರಿ ಕಾಣುವುದಿಲ್ಲ. ಮೈದಾನದಲ್ಲಿ ಕುಳಿತು ನೋಡಿದವರ ಅಭಿಪ್ರಾಯಕ್ಕೂ ಮನೆಯಲ್ಲಿ ನೋಡಿದವರ ಅಭಿಪ್ರಾಯಕ್ಕೂ ವ್ಯತ್ಯಾಸ ಉಂಟಾಗಲು ಇದೂ ಒಂದು ಕಾರಣವೆಂದು ಅವರ ಬೆಂಬಲಿಗರು ವಾದಿಸುತ್ತಿದ್ದರು.

ಎಡಗಾಲಿನ ಆಟಗಾರರಾದ ಅವರ ಪಾಸ್‌ಗಳಲ್ಲಿ ವೇಗದ ಹದ ಗಮನಾರ್ಹವಾಗಿತ್ತು. ಓಡುತ್ತಿರುವ ಸ್ಟ್ರೈಕರ್ ತನ್ನ ಓಟವನ್ನು ನಿಧಾನಿಸದೆಯೇ ಚೆಂಡನ್ನು ಹೊಡೆಯುವಂತೆ ಅವರು ಅದನ್ನು ಮುಂದಿನ ಜಾಗಕ್ಕೆ ಬಿಡುತ್ತಿದ್ದರು. ಎತ್ತರದಿಂದ ಬೀಳುವ ಚೆಂಡನ್ನು ಮೊದಲ ಸ್ಪರ್ಶದಲ್ಲೇ ಹತೋಟಿಗೆ ತರುವುದರಲ್ಲೂ ಅವರು ನಿಪುಣರು. ಗೋಲಿನತ್ತ ಹೊಡೆಯುವಾಗ ಚೆಂಡನ್ನು ನೆಲಕ್ಕೆ ಅದುಮಿ ಹೊಡೆದು, ಅದು ಪುಟಿದು ಗೋಲ್‌ಕೀಪರ್‌ನನ್ನು ದಾಟುವಂತೆ ಮಾಡುವ ವಿಧಾನ ಅವರ ಹೆಗ್ಗುರುತಾಯಿತು. ಆಕಸ್ಮಿಕವೆಂದು ಮೊದಲು ಭಾವಿಸಲಾದ ಈ ಹೊಡೆತವನ್ನು ಅವರು ಮತ್ತೆ ಮತ್ತೆ ಪ್ರಯೋಗಿಸಿದಾಗ ಅದು ಉದ್ದೇಶಪೂರ್ವಕವೆಂದು ಸ್ಪಷ್ಟವಾಯಿತು.

2016ರ ನವೆಂಬರ್ 1ರಂದು ಬಲ್ಗೇರಿಯದ ಲುಡೊಗೊರೆಟ್ಸ್ ವಿರುದ್ಧ ಚಾಂಪಿಯನ್ಸ್ ಲೀಗ್‌ನಲ್ಲಿ ಅವರು ಗಳಿಸಿದ ಗೋಲನ್ನು ಈ ಎಲ್ಲ ಗುಣಗಳ ಉದಾಹರಣೆಯಾಗಿ ನೀಡಲಾಗುತ್ತದೆ. ಎರಡು ಗೋಲುಗಳ ಹಿನ್ನಡೆಯಿಂದ ಆರ್ಸೆನಲ್ ಚೇತರಿಸಿಕೊಂಡು 2–2ರ ಸಮಬಲ ಸಾಧಿಸಿತ್ತು. ಪಂದ್ಯ ಮುಗಿಯಲು ಕೆಲವೇ ನಿಮಿಷಗಳಿದ್ದಾಗ ಹಿಂದಿನಿಂದ ಬಂದ ಉದ್ದನೆಯ ಪಾಸನ್ನು ಬೆನ್ನಟ್ಟಿದ ಓಜಿಲ್, ಮುಂದೆ ಧಾವಿಸಿದ ಗೋಲ್‌ಕೀಪರ್‌ನ ಮೇಲಿಂದ ಚೆಂಡನ್ನು ಎತ್ತಿ ಹಾಕಿದರು. ಗೋಲು ಎದುರಿಗೇ ತೆರೆದಿದ್ದರೂ ಕೂಡಲೇ ಹೊಡೆಯಲಿಲ್ಲ. ಹೊಡೆಯುವಂತೆ ನಟಿಸಿ, ಓಡಿಬಂದ ಇಬ್ಬರು ಡಿಫೆಂಡರ್‌ಗಳು ನೆಲಕ್ಕೆ ಜಾರಿ ಮುಂದೆ ಸಾಗಿಹೋಗುವವರೆಗೆ ಕಾದು, ಬಳಿಕ ಚೆಂಡನ್ನು ಬಲೆಗೆ ಸೇರಿಸಿದರು. ಆರ್ಸೆನಲ್ 3–2ರಿಂದ ಗೆದ್ದಿತು.

ದೌರ್ಬಲ್ಯಗಳು

ಓಜಿಲ್ ಅವರ ವಿರುದ್ಧದ ಟೀಕೆಗಳನ್ನು ಸ್ಥೂಲವಾಗಿ ನಾಲ್ಕು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು ರಕ್ಷಣೆಯ ಕೆಲಸ. ಅವರ ಮೈಕಟ್ಟು ತೆಳುವಾಗಿದ್ದು, ದೇಹಬಲ ಬೇಡುವ ಘರ್ಷಣೆಗಳಲ್ಲಿ ಸುಲಭವಾಗಿ ಹಿಂದೆ ಬೀಳುತ್ತಿದ್ದರು. ಟ್ಯಾಕಲ್ ಮಾಡಿ ಚೆಂಡು ಗೆಲ್ಲುವ ಪ್ರಯತ್ನ ಕಡಿಮೆಯಾಗಿತ್ತು. ತಂಡ ಚೆಂಡು ಕಳೆದುಕೊಂಡಾಗ ಅವರು ತಮ್ಮ ಸ್ಥಾನಕ್ಕೆ ಮರಳುವುದು ತಡವಾದರೆ ಹಿಂದಿನ ಆಟಗಾರರ ಮೇಲೆ ಹೆಚ್ಚಿನ ಹೊರೆ ಬೀಳುತ್ತಿತ್ತು.

ಎರಡನೆಯದು ದೊಡ್ಡ ಪಂದ್ಯಗಳಲ್ಲಿ, ಅದರಲ್ಲೂ ಎದುರಾಳಿಯ ಮೈದಾನದಲ್ಲಿ, ಅವರು ಮರೆಯಾಗುತ್ತಾರೆ ಎಂಬ ಆಕ್ಷೇಪ. ಆರ್ಸೆನಲ್ ತಂಡವು ಮ್ಯಾಂಚೆಸ್ಟರ್ ಸಿಟಿ ವಿರುದ್ಧ 2013ರ ಡಿಸೆಂಬರ್‌ನಲ್ಲಿ 6–3ರಿಂದ, ಲಿವರ್‌ಪೂಲ್ ವಿರುದ್ಧ 2014ರ ಫೆಬ್ರವರಿಯಲ್ಲಿ 5–1ರಿಂದ, ಬೇಯರ್ನ್ ಮ್ಯೂನಿಕ್ ವಿರುದ್ಧ 2017ರ ಫೆಬ್ರವರಿಯಲ್ಲಿ 5–1ರಿಂದ ಸೋತ ಪಂದ್ಯಗಳನ್ನು ಇದಕ್ಕೆ ಪುರಾವೆಯಾಗಿ ಮುಂದಿಡಲಾಗುತ್ತಿತ್ತು. ಇದಕ್ಕೆ ಉತ್ತರವಾಗಿ ಬೆಂಬಲಿಗರು 2015ರ ಅಕ್ಟೋಬರ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧ 3–0ರ ಮತ್ತು ಬೇಯರ್ನ್ ವಿರುದ್ಧ 2–0ರ ಗೆಲುವುಗಳಲ್ಲಿ, 2016ರ ಸೆಪ್ಟೆಂಬರ್‌ನಲ್ಲಿ ಚೆಲ್ಸಿ ವಿರುದ್ಧ 3–0ರ ಗೆಲುವಿನಲ್ಲಿ ಅವರು ಗಳಿಸಿದ ಗೋಲುಗಳನ್ನು ಉಲ್ಲೇಖಿಸುತ್ತಿದ್ದರು. ಈ ಮೂರೂ ಪಂದ್ಯಗಳು ಆರ್ಸೆನಲ್‌ನ ತವರಿನಲ್ಲಿ ನಡೆದವು ಎಂಬುದನ್ನು ವಿರೋಧಿಗಳು ನೆನಪಿಸುತ್ತಿದ್ದರು.

ಮೂರನೆಯದು ಗೋಲು ಗಳಿಕೆ ಮತ್ತು ಪೆನಾಲ್ಟಿ. ಗೋಲಿನ ಮುಂದೆ ತಾವೇ ಹೊಡೆಯಬಹುದಾದ ಸಂದರ್ಭದಲ್ಲೂ ಅವರು ಪಾಸ್ ಮಾಡಲು ಬಯಸುತ್ತಿದ್ದರು. 2014ರ ಫೆಬ್ರವರಿಯಲ್ಲಿ ಬೇಯರ್ನ್ ವಿರುದ್ಧದ ಪಂದ್ಯದ ಆರಂಭದಲ್ಲೇ ಅವರ ದುರ್ಬಲ ಪೆನಾಲ್ಟಿಯನ್ನು ಮಾನ್ಯುಯೆಲ್ ನಾಯರ್ ತಡೆದರು. ಆರ್ಸೆನಲ್ ಆ ಪಂದ್ಯವನ್ನು 0–2ರಿಂದ ಸೋತಿತು. 2016ರ ಯುರೋ ಕಪ್‌ನಲ್ಲಿ ಸ್ಲೊವಾಕಿಯಾ ವಿರುದ್ಧ ಪೆನಾಲ್ಟಿ ವಿಫಲವಾಯಿತು. ಇಟಲಿ ವಿರುದ್ಧದ ಕ್ವಾರ್ಟರ್‌ಫೈನಲ್‌ನಲ್ಲಿ ಗೋಲು ಗಳಿಸಿದರೂ, ಪೆನಾಲ್ಟಿ ಶೂಟೌಟ್‌ನಲ್ಲಿ ಅವರ ಹೊಡೆತ ಗೋಲುಕಂಬಕ್ಕೆ ಬಡಿಯಿತು.

ನಾಲ್ಕನೆಯದು ಅವರ ದೇಹಭಾಷೆ. ಪಾಸ್ ತಪ್ಪಿದಾಗ ಭುಜ ಇಳಿಬಿಡುವುದು, ಕೈಗಳನ್ನು ಚಾಚಿ ನಿಲ್ಲುವುದು, ತಲೆ ತಗ್ಗಿಸಿ ನಡೆಯುವುದು ಉದಾಸೀನತೆಯ ಲಕ್ಷಣಗಳೆಂದು ಹಲವು ಪ್ರೇಕ್ಷಕರಿಗೆ ತೋರುತ್ತಿತ್ತು. ಮ್ಯಾಂಚೆಸ್ಟರ್ ಸಿಟಿ ವಿರುದ್ಧದ 6–3ರ ಸೋಲಿನ ಬಳಿಕ ದೂರದಿಂದ ಬಂದಿದ್ದ ಅಭಿಮಾನಿಗಳಿಗೆ ವಂದಿಸದೆ ಓಜಿಲ್ ಒಳಗೆ ನಡೆದಾಗ, ಸಹ ಆಟಗಾರ ಪೆರ್ ಮೆರ್ಟೆಸಾಕರ್ ಮೈದಾನದಲ್ಲೇ ಅವರನ್ನು ಗದರಿಸಿದರು. ಓಜಿಲ್ ನಂತರ ಅಭಿಮಾನಿಗಳ ಕ್ಷಮೆ ಕೋರಿದರು. 'ಸೋಮಾರಿ' ಎಂಬ ವಿಶೇಷಣ ಅವರ ಹೆಸರಿನೊಂದಿಗೆ ಅಂಟಿಕೊಂಡದ್ದು ಇಂತಹ ದೃಶ್ಯಗಳಿಂದ. ಆದರೆ ಪಂದ್ಯಗಳಲ್ಲಿ ಆಟಗಾರರು ಕ್ರಮಿಸಿದ ದೂರದ ಲೆಕ್ಕವನ್ನು ನೋಡಿದರೆ ಅವರು ಹಲವು ಬಾರಿ ತಂಡದ ಉಳಿದವರಿಗಿಂತ ಕಡಿಮೆ ಓಡಿರಲಿಲ್ಲ. ಓಟದ ಪ್ರಮಾಣಕ್ಕಿಂತ ಅದರ ಬಗೆಯ ಬಗ್ಗೆ, ಅಂದರೆ ಜಾಗ ಹುಡುಕುವ ನಿಧಾನದ ಓಟ ಮತ್ತು ಎದುರಾಳಿಯನ್ನು ಬೆನ್ನಟ್ಟುವ ರಭಸದ ಓಟಗಳ ನಡುವಿನ ವ್ಯತ್ಯಾಸದ ಬಗ್ಗೆ, ಚರ್ಚೆ ನಡೆಯಬೇಕಿತ್ತು ಎಂಬುದು ಎರಡೂ ಕಡೆಯ ವಿವೇಚನಾಶೀಲರ ಅಭಿಪ್ರಾಯವಾಗಿತ್ತು.

ರಿಯಲ್ ಮ್ಯಾಡ್ರಿಡ್ ಅವಧಿ (2010–2013)

ಮ್ಯಾಡ್ರಿಡ್‌ನಲ್ಲಿ ಓಜಿಲ್ 159 ಪಂದ್ಯಗಳನ್ನಾಡಿ 27 ಗೋಲು ಗಳಿಸಿದರು. ಕ್ರಿಸ್ಟಿಯಾನೊ ರೊನಾಲ್ಡೊ, ಕರೀಂ ಬೆಂಜಮಾ, ಗೊಂಜಾಲೊ ಹಿಗ್ವಾಯಿನ್ ಮುಂತಾದ ವೇಗದ ಆಟಗಾರರು ಮುಂದಿದ್ದುದರಿಂದ ಅವರ ಪಾಸ್‌ಗಳು ಗೋಲುಗಳಾಗಿ ಪರಿಣಮಿಸುತ್ತಿದ್ದವು. 2011ರಲ್ಲಿ ಕೋಪಾ ಡೆಲ್ ರೇ ಗೆದ್ದ ತಂಡ, 2011–12ರಲ್ಲಿ 100 ಅಂಕಗಳೊಂದಿಗೆ ಲಾ ಲಿಗಾ ಪ್ರಶಸ್ತಿ ಪಡೆಯಿತು.

ತರಬೇತುದಾರ ಜೋಸೆ ಮೊರಿನ್ಯೊ ಅವರೊಂದಿಗಿನ ಸಂಬಂಧದಲ್ಲಿ ಮುಂದಿನ ಚರ್ಚೆಯ ಬೀಜವಿತ್ತು. ಮೊರಿನ್ಯೊ ಓಜಿಲ್ ಅವರ ಪ್ರತಿಭೆಯನ್ನು ಬಹುವಾಗಿ ಮೆಚ್ಚಿಕೊಂಡಿದ್ದರೂ ಅವರಿಂದ ಇನ್ನಷ್ಟು ದೈಹಿಕ ಶ್ರಮವನ್ನು ನಿರೀಕ್ಷಿಸುತ್ತಿದ್ದರು. 2012ರ ಸೆಪ್ಟೆಂಬರ್ 30ರಂದು ಡೆಪೋರ್ಟಿವೊ ಲಾ ಕೊರೂನ್ಯ ವಿರುದ್ಧ 5–1ರಿಂದ ಗೆದ್ದ ಪಂದ್ಯದಲ್ಲಿ ಓಜಿಲ್ ಅವರನ್ನು ವಿರಾಮದ ವೇಳೆಗೇ ಹೊರಗೆ ಕರೆಸಲಾಯಿತು. ಆಗ ಸೆರ್ಜಿಯೊ ರಾಮೊಸ್ ತಮ್ಮ ಅಂಗಿಯೊಳಗೆ ಓಜಿಲ್ ಅವರ ಅಂಗಿಯನ್ನು ತೊಟ್ಟು ದ್ವಿತೀಯಾರ್ಧ ಆಡಿದರು. ಒಬ್ಬ ಡಿಫೆಂಡರ್ ಬಹಿರಂಗವಾಗಿ ಓಜಿಲ್ ಪರ ನಿಂತ ಈ ಪ್ರಸಂಗವನ್ನು ಬೆಂಬಲಿಗರು ಆಗಾಗ ಉಲ್ಲೇಖಿಸುತ್ತಾರೆ. 2013ರಲ್ಲಿ ಗ್ಯಾರೆತ್ ಬೇಲ್ ತಂಡ ಸೇರಿದ ಸಮಯದಲ್ಲೇ ಓಜಿಲ್ ಮಾರಾಟವಾದಾಗಲೂ ರಾಮೊಸ್ ತಮ್ಮ ಅಸಮಾಧಾನವನ್ನು ಮರೆಮಾಚಲಿಲ್ಲ.

ಆರ್ಸೆನಲ್ ಅವಧಿ ಮತ್ತು ಅಂಕಿಅಂಶಗಳ ವಿವಾದ

2013ರ ಸೆಪ್ಟೆಂಬರ್ 2ರಂದು, ವರ್ಗಾವಣೆಯ ಕೊನೆಯ ದಿನ, ಸುಮಾರು 4.25 ಕೋಟಿ ಪೌಂಡ್ ಮೊತ್ತಕ್ಕೆ ಓಜಿಲ್ ಆರ್ಸೆನಲ್ ಸೇರಿದರು. ಅದು ಆಗಿನ ಮಟ್ಟಿಗೆ ಆ ಕ್ಲಬ್‌ನ ಅತಿ ದುಬಾರಿ ಖರೀದಿಯಾಗಿತ್ತು. 2005ರಿಂದ ಯಾವ ಪ್ರಮುಖ ಪ್ರಶಸ್ತಿಯನ್ನೂ ಗೆಲ್ಲದೆ, ಪ್ರತಿ ವರ್ಷ ಉತ್ತಮ ಆಟಗಾರರನ್ನು ಕಳೆದುಕೊಳ್ಳುತ್ತಿದ್ದ ತಂಡದ ಅಭಿಮಾನಿಗಳಿಗೆ ಈ ಖರೀದಿ ಹೊಸ ಕಾಲದ ಆರಂಭದಂತೆ ಕಂಡಿತು. ಸಂಡರ್‌ಲ್ಯಾಂಡ್ ವಿರುದ್ಧದ ಮೊದಲ ಪಂದ್ಯದ 11ನೇ ನಿಮಿಷದಲ್ಲೇ ಅವರ ಪಾಸ್‌ನಿಂದ ಒಲಿವಿಯೆ ಜಿರು ಗೋಲು ಗಳಿಸಿದರು. 2014ರಲ್ಲಿ ಹಲ್ ಸಿಟಿಯನ್ನು 3–2ರಿಂದ ಸೋಲಿಸಿ ಎಫ್‌ಎ ಕಪ್ ಗೆದ್ದ ಆರ್ಸೆನಲ್, 2015 ಮತ್ತು 2017ರಲ್ಲೂ ಅದೇ ಪ್ರಶಸ್ತಿ ಪಡೆಯಿತು.

ಅಭಿಮಾನಿಗಳ ಚರ್ಚೆ ತಾರಕಕ್ಕೇರಿದ್ದು 2015–16ರ ಋತುವಿನಲ್ಲಿ. ಆ ವರ್ಷ ಓಜಿಲ್ ಪ್ರೀಮಿಯರ್ ಲೀಗ್‌ನಲ್ಲಿ 19 ಅಸಿಸ್ಟ್ ದಾಖಲಿಸಿದರು. ತಿಯೆರಿ ಆನ್ರಿ 2002–03ರಲ್ಲಿ ಸ್ಥಾಪಿಸಿದ್ದ 20 ಅಸಿಸ್ಟ್‌ಗಳ ದಾಖಲೆಗೆ ಇದು ಒಂದಷ್ಟೇ ಕಡಿಮೆ. ಸತತ 7 ಲೀಗ್ ಪಂದ್ಯಗಳಲ್ಲಿ ಅಸಿಸ್ಟ್ ನೀಡಿದ್ದು ಹೊಸ ದಾಖಲೆಯಾಯಿತು. ಆದರೆ ಈ 19ರಲ್ಲಿ 16 ಅಸಿಸ್ಟ್‌ಗಳು 2015ರ ಡಿಸೆಂಬರ್ ಅಂತ್ಯದೊಳಗೆ ಬಂದವು. ಉಳಿದ ಋತುವಿನಲ್ಲಿ ಸೇರಿದ್ದು ಕೇವಲ 3. ಆರ್ಸೆನಲ್ 71 ಅಂಕಗಳೊಂದಿಗೆ ಎರಡನೇ ಸ್ಥಾನಕ್ಕೆ ತೃಪ್ತಿಪಟ್ಟರೆ, 81 ಅಂಕ ಗಳಿಸಿದ ಲೆಸ್ಟರ್ ಸಿಟಿ ಚಾಂಪಿಯನ್ ಆಯಿತು.

ಒಂದೇ ಅಂಕಿಯನ್ನು ಎರಡೂ ಕಡೆಯವರು ತಮ್ಮ ವಾದಕ್ಕೆ ಬಳಸಿಕೊಂಡರು. ಪ್ರಶಸ್ತಿ ನಿರ್ಧಾರವಾಗುವ ತಿಂಗಳುಗಳಲ್ಲಿ ಓಜಿಲ್ ಮಂಕಾದರು ಎಂದು ಟೀಕಾಕಾರರು ಹೇಳಿದರು. ಬೆಂಬಲಿಗರ ಉತ್ತರ ಬೇರೆಯಾಗಿತ್ತು. ಅಸಿಸ್ಟ್ ಎಂಬುದು ಪಾಸ್ ಪಡೆದವನು ಗೋಲು ಹೊಡೆದಾಗ ಮಾತ್ರ ಲೆಕ್ಕಕ್ಕೆ ಬರುತ್ತದೆ. ಹೊಡೆತ ಗುರಿ ತಪ್ಪಿದರೆ ಎಷ್ಟೇ ಉತ್ತಮ ಪಾಸ್ ಆದರೂ ಅದು ದಾಖಲಾಗುವುದಿಲ್ಲ. ತಂಡದ ಮುಖ್ಯ ಸ್ಟ್ರೈಕರ್ ಜಿರು ಜನವರಿ ಮಧ್ಯದಿಂದ ಋತುವಿನ ಕೊನೆಯ ದಿನದವರೆಗೆ ಲೀಗ್‌ನಲ್ಲಿ ಒಂದೂ ಗೋಲು ಗಳಿಸಿರಲಿಲ್ಲ. ಹೊಡೆತಕ್ಕೆ ದಾರಿ ಮಾಡಿಕೊಟ್ಟ ಪಾಸ್‌ಗಳೆಲ್ಲವನ್ನೂ ಎಣಿಸುವ 'ಸೃಷ್ಟಿಸಿದ ಅವಕಾಶ' ಎಂಬ ಅಳತೆಯಲ್ಲಿ ಓಜಿಲ್ ಆ ಋತುವಿನಲ್ಲಿ 140ರ ಗಡಿ ದಾಟಿ ಲೀಗ್‌ನ ಅಗ್ರಸ್ಥಾನದಲ್ಲಿದ್ದರು. ಪಾಸ್ ನೀಡಿದವನ ಕೆಲಸ ಮುಗಿಯುವುದು ಎಲ್ಲಿ, ಪಡೆದವನ ಕೆಲಸ ಆರಂಭವಾಗುವುದು ಎಲ್ಲಿ ಎಂಬ ಪ್ರಶ್ನೆ ಈ ವಾದದ ತಿರುಳಾಗಿತ್ತು. ಅಂಕಿಅಂಶಗಳನ್ನು ಆಧರಿಸಿ ಆಟಗಾರರನ್ನು ಅಳೆಯುವ ಪದ್ಧತಿ ಸಾಮಾನ್ಯ ಅಭಿಮಾನಿಗಳವರೆಗೆ ತಲುಪುತ್ತಿದ್ದ ಕಾಲ ಅದಾಗಿದ್ದುದರಿಂದ, ಹಲವರು ಇಂತಹ ಅಳತೆಗಳ ಉಪಯೋಗವನ್ನೂ ಮಿತಿಯನ್ನೂ ಓಜಿಲ್ ಅವರ ಉದಾಹರಣೆಯ ಮೂಲಕವೇ ಅರಿತುಕೊಂಡರು.

ರಾಷ್ಟ್ರೀಯ ತಂಡ ಮತ್ತು ಗುರುತಿನ ಪ್ರಶ್ನೆ

2009ರ ಫೆಬ್ರವರಿಯಲ್ಲಿ ನಾರ್ವೆ ವಿರುದ್ಧ ಜರ್ಮನಿಯ ಪರ ಓಜಿಲ್ ಮೊದಲ ಪಂದ್ಯವಾಡಿದರು. ಟರ್ಕಿಯ ಬದಲು ಜರ್ಮನಿಯನ್ನು ಆಯ್ದುಕೊಂಡ ಕಾರಣ 2010ರ ಅಕ್ಟೋಬರ್ 8ರಂದು ಬರ್ಲಿನ್‌ನಲ್ಲಿ ನಡೆದ ಜರ್ಮನಿ–ಟರ್ಕಿ ಪಂದ್ಯದಲ್ಲಿ ಟರ್ಕಿಯ ಬೆಂಬಲಿಗರು ಅವರನ್ನು ನಿರಂತರವಾಗಿ ಮೂದಲಿಸಿದರು. ಆ ಪಂದ್ಯದಲ್ಲಿ ಗೋಲು ಗಳಿಸಿದ ಓಜಿಲ್ ಸಂಭ್ರಮಿಸಲಿಲ್ಲ. ಅದೇ ವರ್ಷ ಯಶಸ್ವಿ ಸಾಮಾಜಿಕ ಏಕೀಕರಣದ ಮಾದರಿಯೆಂದು ಅವರಿಗೆ ಜರ್ಮನಿಯ ಬಾಂಬಿ ಪ್ರಶಸ್ತಿ ನೀಡಲಾಯಿತು.

2014ರ ವಿಶ್ವಕಪ್‌ನಲ್ಲಿ ತರಬೇತುದಾರ ಯೋಆಹಿಮ್ ಲೋವ್ ಅವರನ್ನು ಬಹುತೇಕ ಎಡಬದಿಯಲ್ಲಿ ಆಡಿಸಿದರು. ಇದು ಅವರ ನೆಚ್ಚಿನ ಸ್ಥಾನವಲ್ಲದಿದ್ದರೂ ಏಳೂ ಪಂದ್ಯಗಳಲ್ಲಿ ಆಡಿದ ಅವರು ಅಲ್ಜೀರಿಯಾ ವಿರುದ್ಧ ಹೆಚ್ಚುವರಿ ಸಮಯದಲ್ಲಿ ಗೋಲು ಗಳಿಸಿದರು. ರಾಷ್ಟ್ರೀಯ ತಂಡದ ವರ್ಷದ ಆಟಗಾರನನ್ನು ಆರಿಸುವ ಅಭಿಮಾನಿಗಳ ಮತದಾನದಲ್ಲಿ 2011, 2012, 2013, 2015 ಮತ್ತು 2016ರಲ್ಲಿ, ಒಟ್ಟು ಐದು ಬಾರಿ, ಓಜಿಲ್ ಗೆದ್ದರು.

2018ರ ಮೇ ತಿಂಗಳಲ್ಲಿ ಓಜಿಲ್ ಮತ್ತು ಇಲ್ಕಾಯ್ ಗುಂಡೋವಾನ್ ಲಂಡನ್ನಿನಲ್ಲಿ ಟರ್ಕಿಯ ಅಧ್ಯಕ್ಷ ರೆಜೆಪ್ ತಯ್ಯಿಪ್ ಎರ್ಡೋಆನ್ ಅವರೊಂದಿಗೆ ತೆಗೆಸಿಕೊಂಡ ಛಾಯಾಚಿತ್ರ ಜರ್ಮನಿಯಲ್ಲಿ ತೀವ್ರ ಟೀಕೆಗೆ ಗುರಿಯಾಯಿತು. ಟರ್ಕಿಯಲ್ಲಿ ಚುನಾವಣೆ ಸಮೀಪಿಸಿದ್ದುದರಿಂದ ಇದನ್ನು ರಾಜಕೀಯ ಬೆಂಬಲವೆಂದು ಹಲವರು ಅರ್ಥೈಸಿದರು. ಮುಂದಿನ ತಿಂಗಳು ಆರಂಭವಾದ ವಿಶ್ವಕಪ್‌ನಲ್ಲಿ ಜರ್ಮನಿ ಮೆಕ್ಸಿಕೊ ವಿರುದ್ಧ 0–1ರಿಂದ ಸೋತು, ಓಜಿಲ್ ಹೊರಗುಳಿದಿದ್ದ ಪಂದ್ಯದಲ್ಲಿ ಸ್ವೀಡನ್ ವಿರುದ್ಧ 2–1ರಿಂದ ಗೆದ್ದು, ದಕ್ಷಿಣ ಕೊರಿಯಾ ವಿರುದ್ಧ 0–2ರಿಂದ ಸೋತು ಗುಂಪು ಹಂತದಲ್ಲೇ ನಿರ್ಗಮಿಸಿತು. ಕೊರಿಯಾ ವಿರುದ್ಧದ ಪಂದ್ಯದಲ್ಲಿ ಓಜಿಲ್ ಸಹ ಆಟಗಾರರಿಗೆ 7 ಅವಕಾಶಗಳನ್ನು ರೂಪಿಸಿಕೊಟ್ಟಿದ್ದರೂ, ಸೋಲಿನ ಹೊಣೆ ಹೊರಿಸುವ ಮಾತುಗಳಲ್ಲಿ ಅವರ ಹೆಸರೇ ಮುಂದಿತ್ತು.

2018ರ ಜುಲೈ 22ರಂದು ಓಜಿಲ್ ಸುದೀರ್ಘ ಹೇಳಿಕೆಯೊಂದನ್ನು ನೀಡಿ ರಾಷ್ಟ್ರೀಯ ತಂಡದಿಂದ ನಿವೃತ್ತರಾದರು. ಆ ಛಾಯಾಚಿತ್ರ ತಮ್ಮ ಹಿರಿಯರ ದೇಶದ ಅತ್ಯುನ್ನತ ಹುದ್ದೆಗೆ ಸಲ್ಲಿಸಿದ ಗೌರವವೇ ಹೊರತು ರಾಜಕೀಯವಲ್ಲ ಎಂದರು. ತಂಡ ಗೆದ್ದಾಗ ತಮ್ಮನ್ನು ಜರ್ಮನ್ನನೆಂದೂ ಸೋತಾಗ ವಲಸಿಗನೆಂದೂ ಕಾಣಲಾಗುತ್ತದೆ ಎಂದು ದೂರಿದರು. ಜರ್ಮನ್ ಫುಟ್‌ಬಾಲ್ ಸಂಸ್ಥೆಯ ಆಗಿನ ಅಧ್ಯಕ್ಷ ರೈನ್‌ಹಾರ್ಡ್ ಗ್ರಿಂಡೆಲ್ ಅವರನ್ನು ಕಟುವಾಗಿ ಟೀಕಿಸಿದರು. ಸಂಸ್ಥೆ ಜನಾಂಗೀಯ ತಾರತಮ್ಯದ ಆರೋಪವನ್ನು ತಳ್ಳಿಹಾಕಿತಾದರೂ, ಅವರಿಗೆ ಸಾಕಷ್ಟು ಬೆಂಬಲ ದೊರೆಯಲಿಲ್ಲ ಎಂಬ ಭಾವನೆ ಮೂಡಿದ್ದಕ್ಕೆ ವಿಷಾದ ವ್ಯಕ್ತಪಡಿಸಿತು. ಬೇಯರ್ನ್ ಕ್ಲಬ್‌ನ ಅಧ್ಯಕ್ಷರಾಗಿದ್ದ ಉಲಿ ಹೋನೆಸ್ ಇದಕ್ಕೆ ಪ್ರತಿಕ್ರಿಯಿಸುತ್ತಾ, ಓಜಿಲ್ ವರ್ಷಗಳಿಂದ ಕಳಪೆಯಾಗಿ ಆಡುತ್ತಿದ್ದರು, ಅವರು ಕೊನೆಯ ಟ್ಯಾಕಲ್ ಗೆದ್ದದ್ದು 2014ರ ವಿಶ್ವಕಪ್‌ಗೂ ಮುನ್ನ ಎಂದು ಹೇಳಿದರು. ಪೌರತ್ವ ಮತ್ತು ತಾರತಮ್ಯದ ಪ್ರಶ್ನೆಗೆ ಟ್ಯಾಕಲ್‌ಗಳ ಲೆಕ್ಕದಿಂದ ಉತ್ತರಿಸಿದ ಈ ಮಾತು, ಆಟದ ವಿಮರ್ಶೆ ಎಲ್ಲಿ ಮುಗಿಯಿತು, ವ್ಯಕ್ತಿಯ ನಿರಾಕರಣೆ ಎಲ್ಲಿ ಆರಂಭವಾಯಿತು ಎಂದು ಬೇರ್ಪಡಿಸುವುದು ಎಷ್ಟು ಕಷ್ಟವಾಗಿತ್ತೆಂಬುದನ್ನು ತೋರಿಸುತ್ತದೆ. ಛಾಯಾಚಿತ್ರದ ಔಚಿತ್ಯವನ್ನು ಪ್ರಶ್ನಿಸಿದವರೆಲ್ಲರೂ ಅವರ ಮೂಲವನ್ನು ಹೀನಾಯವಾಗಿ ಕಂಡವರಲ್ಲ. ಅವರ ಆಟವನ್ನು ಟೀಕಿಸಿದವರೆಲ್ಲರೂ ರಾಜಕೀಯದಿಂದ ಪ್ರೇರಿತರಾದವರಲ್ಲ. ಆದರೆ 2018ರ ಬೇಸಿಗೆಯಲ್ಲಿ ಈ ಮೂರು ಧ್ವನಿಗಳೂ ಒಟ್ಟಿಗೇ ಕೇಳಿಬಂದವು.

ಆರ್ಸೆನಲ್‌ನ ಕೊನೆಯ ವರ್ಷಗಳು

2018ರ ಆರಂಭದಲ್ಲಿ ಓಜಿಲ್ 2021ರವರೆಗಿನ ಹೊಸ ಒಪ್ಪಂದಕ್ಕೆ ಸಹಿ ಹಾಕಿದರು. ವಾರಕ್ಕೆ ಸುಮಾರು 3.5 ಲಕ್ಷ ಪೌಂಡ್ ವೇತನವೆಂದು ವರದಿಯಾದ ಈ ಒಪ್ಪಂದದ ನಂತರ ಚರ್ಚೆಗೆ ಹಣದ ಆಯಾಮವೂ ಸೇರಿತು. ಕೆಲವೇ ತಿಂಗಳಲ್ಲಿ ಅವರನ್ನು ಕರೆತಂದಿದ್ದ ಆರ್ಸೆನ್ ವೆಂಗರ್ ಕ್ಲಬ್ ತೊರೆದರು. ನಂತರ ಬಂದ ಉನಾಯ್ ಎಮೆರಿ ಓಟ ಮತ್ತು ಒತ್ತಡಕ್ಕೆ ಹೆಚ್ಚು ಮಹತ್ವ ನೀಡಿ, ಹಲವು ಪಂದ್ಯಗಳಲ್ಲಿ ಓಜಿಲ್ ಅವರನ್ನು ಕೈಬಿಟ್ಟರು. ಆದರೂ 2018ರ ಅಕ್ಟೋಬರ್ 22ರಂದು ಲೆಸ್ಟರ್ ವಿರುದ್ಧ ನಾಯಕರಾಗಿ ಆಡಿ, ಒಂದು ಗೋಲು ಗಳಿಸಿ, ತಂಡದ 3–1ರ ಗೆಲುವನ್ನು ರೂಪಿಸಿದ ಅವರ ಆಟ ಹಳೆಯ ದಿನಗಳನ್ನು ನೆನಪಿಸಿತು.

2019ರ ಡಿಸೆಂಬರ್‌ನಲ್ಲಿ ಚೀನಾದ ಉಯ್ಗುರ್ ಮುಸ್ಲಿಮರ ಸ್ಥಿತಿಯ ಬಗ್ಗೆ ಅವರು ಪ್ರಕಟಿಸಿದ ಹೇಳಿಕೆಯಿಂದ ಕ್ಲಬ್ ಅಂತರ ಕಾಯ್ದುಕೊಂಡಿತು. ಚೀನಾದ ಸರ್ಕಾರಿ ದೂರದರ್ಶನ ಆರ್ಸೆನಲ್–ಮ್ಯಾಂಚೆಸ್ಟರ್ ಸಿಟಿ ಪಂದ್ಯದ ಪ್ರಸಾರವನ್ನು ರದ್ದುಪಡಿಸಿತು. 2020ರಲ್ಲಿ ಕೋವಿಡ್ ಸಾಂಕ್ರಾಮಿಕದ ವೇಳೆ ಕ್ಲಬ್ ಸೂಚಿಸಿದ ವೇತನ ಕಡಿತಕ್ಕೆ ಓಜಿಲ್ ಒಪ್ಪಲಿಲ್ಲ. ಹೊಸ ತರಬೇತುದಾರ ಮಿಕೆಲ್ ಆರ್ಟೆಟಾ ಅವರ ಅಡಿಯಲ್ಲಿ 2020ರ ಮಾರ್ಚ್ 7ರಂದು ವೆಸ್ಟ್ ಹ್ಯಾಮ್ ವಿರುದ್ಧ ಆಡಿದ್ದೇ ಅವರ ಕೊನೆಯ ಆರ್ಸೆನಲ್ ಪಂದ್ಯ. ಪಂದ್ಯದ ಏಕೈಕ ಗೋಲಿಗೆ ಅಸಿಸ್ಟ್ ನೀಡಿದ್ದು ಅವರೇ. ಅಕ್ಟೋಬರ್‌ನಲ್ಲಿ ಲೀಗ್ ಮತ್ತು ಯುರೋಪಾ ಲೀಗ್ ತಂಡಗಳ ಪಟ್ಟಿಯಿಂದ ಅವರ ಹೆಸರನ್ನು ಬಿಡಲಾಯಿತು. ಇದು ಆಟದ ಕಾರಣಕ್ಕೆ ತೆಗೆದುಕೊಂಡ ನಿರ್ಧಾರವೆಂದು ಆರ್ಟೆಟಾ ಹೇಳಿದರೆ, ಅಭಿಮಾನಿಗಳ ಒಂದು ವರ್ಗ ಅದನ್ನು ನಂಬಲಿಲ್ಲ. 2021ರ ಜನವರಿಯಲ್ಲಿ ಅವರು ಫೆನರ್‌ಬಾಹ್ಚೆ ಸೇರಿದರು. ಆರ್ಸೆನಲ್ ಪರ ಆಡಿದ ಒಟ್ಟು ಪಂದ್ಯಗಳು 254, ಗೋಲುಗಳು 44.

ಮೌಲ್ಯಮಾಪನ

ಓಜಿಲ್ ಕುರಿತ ಅಭಿಪ್ರಾಯಗಳು ಅವರ ನಿವೃತ್ತಿಯ ನಂತರವೂ ಒಮ್ಮತಕ್ಕೆ ಬಂದಿಲ್ಲ. ಅವರ ಸಾಮರ್ಥ್ಯ ಮತ್ತು ದೌರ್ಬಲ್ಯಗಳು ಒಂದೇ ಮೂಲದಿಂದ ಬಂದವು ಎಂಬ ವಿವರಣೆಯನ್ನು ಹಲವರು ಒಪ್ಪುತ್ತಾರೆ. ಘರ್ಷಣೆಯಿಂದ ದೂರ ಸರಿದು ಖಾಲಿ ಜಾಗ ಹುಡುಕುವ ಪ್ರವೃತ್ತಿಯೇ ಚೆಂಡು ತಂಡದ ಬಳಿ ಇದ್ದಾಗ ವರವಾಗಿತ್ತು, ಎದುರಾಳಿಯ ಬಳಿ ಇದ್ದಾಗ ಕೊರತೆಯಾಗಿತ್ತು. ಆದ್ದರಿಂದ ಅವರ ಮೌಲ್ಯ ಬಹುಮಟ್ಟಿಗೆ ಸುತ್ತಲಿನ ತಂಡವನ್ನು ಅವಲಂಬಿಸಿತ್ತು. ಮುಂದೆ ವೇಗದ ಓಟಗಾರರು, ಹಿಂದೆ ಚೆಂಡು ಗೆದ್ದುಕೊಡುವ ಬಲಿಷ್ಠ ಮಿಡ್‌ಫೀಲ್ಡರ್‌ಗಳು ಇದ್ದ ಮ್ಯಾಡ್ರಿಡ್ ಮತ್ತು ಜರ್ಮನಿ ತಂಡಗಳಲ್ಲಿ ಅವರ ಕೊರತೆ ಹೆಚ್ಚು ಕಾಣಲಿಲ್ಲ. ಅಂತಹ ಆಸರೆ ಕಡಿಮೆಯಿದ್ದ ತಂಡದಲ್ಲಿ ಅದೇ ಕೊರತೆ ಎದ್ದು ಕಂಡಿತು.

ಆರ್ಸೆನಲ್ ಅಭಿಮಾನಿಗಳಲ್ಲಿ ಒಂದು ವರ್ಗಕ್ಕೆ ಅವರು ಬರಗಾಲದ ಬಳಿಕ ಬಂದ ಮೊದಲ ಮಳೆಯಾದರೆ, ಇನ್ನೊಂದು ವರ್ಗಕ್ಕೆ ಪೂರ್ತಿಯಾಗಿ ಈಡೇರದ ಭರವಸೆ. ಅವರ ನಂತರದ ಆಕ್ರಮಣಕಾರಿ ಮಿಡ್‌ಫೀಲ್ಡರ್‌ಗಳಲ್ಲಿ ಹೆಚ್ಚಿನವರು ಪಾಸ್ ನೀಡುವ ಕೌಶಲದೊಂದಿಗೆ ಎದುರಾಳಿಯ ಮೇಲೆ ಒತ್ತಡ ಹೇರುವ ಶಕ್ತಿಯನ್ನೂ ಬೆಳೆಸಿಕೊಳ್ಳಬೇಕಾಯಿತು. ಚೆಂಡು ಗೆದ್ದುಕೊಡುವ ಹೊಣೆಯನ್ನು ಉಳಿದವರಿಗೆ ಬಿಟ್ಟು ಆಟವನ್ನು ಓದುವುದರಲ್ಲೇ ಮುಳುಗಿದ್ದ ಹತ್ತನೇ ಸಂಖ್ಯೆಯ ಆಟಗಾರರ ಸಾಲಿನಲ್ಲಿ ಕೊನೆಯ ಕೆಲವರಲ್ಲಿ ಒಬ್ಬರೆಂದು ಓಜಿಲ್ ಅವರನ್ನು ಪರಿಗಣಿಸಲಾಗುತ್ತದೆ.